ನಡುಹೊಳೆಯಲ್ಲಿ ನಿಲ್ಲುತ್ತಿದ್ದ ಮೋಟಾರು

ಭೀಮಾ ದಂಡೆ, ಆಲಮೇಲ ತಾಲೂಕು
ಶುಕ್ರವಾರ, ೧೪ ನವೆಂಬರ್ ೨೦೨೫

ನನ್ನ ಪ್ರೀತಿಯ ಸುಲ್ತಾನಾ ಆಪಾ, ಸಲಾಮ್.

ಅಕ್ಷರ ಕಂಡು ನಗಬೇಡ. ಐದನೇ ಇಯತ್ತೆಗೆ ಸಾಲಿ ಬಿಟ್ಟ ಮೇಲೆ ನಾನು ಪೆನ್ನು ಹಿಡಿದದ್ದೇ ಕಡಿಮೆ. ತಪ್ಪಿದ್ದಲ್ಲಿ ನೀನೇ ತಿದ್ದಿ ಓದಿಕೊ. ಫೋನ್ ಮಾಡಿದರೆ ನಿನ್ನ ಮನೆಯವರು ಎತ್ತುತ್ತಾರೆ, ಯುನೂಸಭಾಯಿ ಮುಂದೆ ನನಗೆ ಮಾತೇ ಹೊರಡುವುದಿಲ್ಲ. ಕಾಯಿಪಲ್ಯೆ ಮಾರುವ ರುಕ್ಮವ್ವ ಇಂದು ನಿಮ್ಮ ಬಾಗೇವಾಡಿಗೆ, ಮಗಳ ಮನೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಈ ಪತ್ರ ಕೊಡುತ್ತೇನೆ.

ಮೊದಲು ಮುಖ್ಯ ಮಾತು. ರವಿವಾರ ಯುನೂಸಭಾಯಿ ದೋಣಿಯ ಮೋಟಾರು ಒಯ್ಯಲು ಬರುವುದು ಬೇಡ. ಮುದ್ದೇಬಿಹಾಳದ ಮೀನುಗಾರರಿಗೆ, ಅದು ಮಾರಾಟಕ್ಕಿಲ್ಲ ಎಂದು ಹೇಳಿಬಿಡಲಿ.

ಅದರ ಹುಚ್ಚಾಟ ನಿನಗೆ ಗೊತ್ತಲ್ಲ. ಜನರನ್ನು ದಾಟಿಸಲು ದಂಡೆಯಿಂದ ಚೆಂದ ಹೊರಡುತ್ತಿತ್ತು. ನಡುಹೊಳೆಯಲ್ಲಿ ನಮ್ಮ ಅಬ್ಬಾ ಎಷ್ಟು ಹಿಡಿಕೆ ತಿರುವಿದರೂ ವೇಗ ಏರುತ್ತಿರಲಿಲ್ಲ. ಬಿಕ್ಕುತ್ತಿತ್ತು, ಒಮ್ಮೆಲೇ ಮುಂದಕ್ಕೆ ಹಾರುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಹೋದ ವಾರ ಹಾಗೆ ಹಾರಿದಾಗ ರುಕ್ಮವ್ವನ ಬುಟ್ಟಿ ಉರುಳಿ ಬದನೆಕಾಯಿಯೆಲ್ಲ ಹೊಳೆಪಾಲಾಯಿತು. “ಜೈನುದ್ದೀನಣ್ಣ, ನೀರ ಕಂಡ ಎಮ್ಮಿ ಹಾಂಗ ನಿಂತ್ಬಿಡ್ತೈತಲ್ಲೋ ನಿನ್ನ ಮೋಟಾರ! ಮೀನಿಗೇನ್ ಎಣಗಾಯಿ ಮಾಡಿ ಹಾಕ್ತೀ?” ಎಂದಳು. ಎಲ್ಲರೂ ನಕ್ಕರು, ಅಬ್ಬಾ ನಗಲಿಲ್ಲ. ಅಂದೇ, ಮೋಟಾರು ಮಾರಿಕೊಡಿ ಎಂದು ನಿಮ್ಮ ಮನೆಗೆ ಫೋನ್ ಮಾಡಿದರು. ನನಗೆ, “ಮೋಟಾರ ಹೋದ ಮ್ಯಾಲ ಅಮ್ಮಿ ಜೋಡಿ ಮನ್ಯಾಗ ಇರವಾ” ಎಂದರು.

ಆಪಾ, ನಾನು ಸಂತೆಗೆ ಹೋಗುವವಳಲ್ಲ, ನಾಲ್ಕು ಜನರ ಮುಂದೆ ಬಾಯಿ ತೆರೆಯುವವಳಲ್ಲ. ತಲೆ ಎತ್ತಿ ಕೂರುವ ನನ್ನ ಜಾಗವೆಂದರೆ ಆ ದೋಣಿಯ ಹಿಂಬದಿ, ಪೆಟ್ರೋಲ್ ಟಾಕಿಯ ಪಕ್ಕ. ಅದೂ ಹೋಗುವುದಿತ್ತು.

ಸಿಂದಗಿಯ ಮಿಸ್ತ್ರಿ ಸುನೀಲಕುಮಾರ ಬಂದು ಪ್ಲಗ್ ಬದಲಿಸಿದ್ದ, ಕಾರ್ಬೊರೇಟರ್ ತೊಳೆದಿದ್ದ. ಅವನ ಮುಂದೆ ಮೋಟಾರು ಒಮ್ಮೆಯೂ ತಡವರಿಸಲಿಲ್ಲ. “ಮೋಟಾರ ಗಟ್ಟಿ ಐತ್ರಿ, ನಿಮ್ಮ ಹೊಳಿ ರಿಪೇರಿ ಮಾಡಸ್ರಿ” ಎಂದು ನಗುತ್ತ ಹೋದ.

ಟಾಕಿಯಿಂದ ಮೋಟಾರಿಗೆ ಹೋಗುವ ನಳಿಗೆಯ ನಡುವೆ ಒಂದು ರಬ್ಬರ್ ಗುಂಡು ಇದೆ. ಅದನ್ನು ಹಿಚುಕಿ ಪೆಟ್ರೋಲ್ ಏರಿಸುವುದು ನನ್ನ ಕೆಲಸ. ಮಂಗಳವಾರ ಮೋಟಾರು ಬಿಕ್ಕುವಾಗ ಗುಂಡಿಗೆ ಕೈ ಹಾಕಿದೆ. ಯಾರೋ ಒಳಗಿನಿಂದ ಹೀರಿದಂತೆ ಅದು ಚಪ್ಪಟೆಯಾಗಿತ್ತು. ಏಕೆಂದು ತಿಳಿಯಲಿಲ್ಲ.

ನಿನ್ನೆ ಅಡುಗೆಮನೆಯಲ್ಲಿ ಎಣ್ಣೆಯ ಹೊಸ ಡಬ್ಬಿಗೆ ಒಂದೇ ತೂತು ಹೊಡೆದು ಬಗ್ಗಿಸಿದೆ. ಎಣ್ಣೆ ಗುಳುಕ್ ಎಂದು ಬರುವುದು, ನಿಲ್ಲುವುದು. ಅಮ್ಮಿ ಬೈದರು: “ಇನ್ನೊಂದ ತೂತ ಹೊಡಿ! ಗಾಳಿ ಹೋಗ್ಲಿಲ್ಲಂದ್ರ ಎಣ್ಣಿ ಹ್ಯಾಂಗ ಬರ್ತೈತಿ?”

ನಾನು ಡಬ್ಬಿ ಅಲ್ಲೇ ಇಟ್ಟು, ಎಣ್ಣೆಗೈಯಲ್ಲೇ ಹೊಳೆಗೆ ಓಡಿದೆ.

ಹೊಳೆ ದಾಟಿಸುವಾಗ ದೋಣಿಯಲ್ಲಿ ಕುರಿಗಳು ನೀರು ಸಿಡಿಸುತ್ತವೆ ಎಂದು ನಮ್ಮ ದಂಡೆಯಲ್ಲಿ ಎಲ್ಲರೂ ಟಾಕಿಯ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ತುಂಡು ಬಿಗಿಯುತ್ತಾರೆ. ನಮ್ಮದಕ್ಕೂ ಇತ್ತು. ನಮ್ಮದು ತೀರ ಬಿಗಿ, ಅದರಡಿ ಮುಚ್ಚಳದ ಗಾಳಿಯ ತೂತು ಮುಚ್ಚಿಹೋಗಿ, ಪೆಟ್ರೋಲ್ ಇಳಿದಷ್ಟೂ ಒಳಗೆ ಗಾಳಿ ಹೋಗುತ್ತಿರಲಿಲ್ಲ. ಮಿಸ್ತ್ರಿ ಬಂದಾಗಲೆಲ್ಲ ಮೊದಲು ಟ್ಯೂಬು ಬಿಚ್ಚಿ ಪೆಟ್ರೋಲ್ ನೋಡುತ್ತಿದ್ದ. ಗಾಳಿ ಹೊಕ್ಕು ರೋಗ ಅಲ್ಲಿಗೇ ಮಾಯ!

ಅಬ್ಬಾ ಎದುರು ನಿಂತು ಮುಚ್ಚಳಕ್ಕೆ ಬೆರಳು ತೋರಿಸಿದೆ. ಕಡೆಗೆ, “ಅಬ್ಬಾ, ಅದಕ್ಕ ಉಸರಾಡಾಕ ಬಿಡ್ರಿ” ಎಂದೆ. “ನೀ ಯಾವಾಗ ಮಿಸ್ತ್ರಿ ಆದಿ?” ಎಂದರು. ಆದರೂ ಟ್ಯೂಬು ಕಿತ್ತರು. ಟಾಕಿ ಸುಸ್ ಎಂದು ಗಾಳಿ ಎಳೆದುಕೊಂಡಿತು. ಅಬ್ಬಾ ನನ್ನ ಮುಖ ನೋಡಿದರು. ನೀರು ಸಿಡಿಯದಂತೆ ಅಮ್ಮಿಯ ಹಳೆಯ ಪ್ಲಾಸ್ಟಿಕ್ ಬಟ್ಟಲನ್ನು, ಸಂದು ಬಿಟ್ಟು, ಮೇಲೆ ಬೋರಲು ಕಟ್ಟಿದೆವು.

ಆಚೆ ದಂಡೆಗೆ ಹೋದೆವು, ಜನರನ್ನು ತುಂಬಿಕೊಂಡು ಬಂದೆವು. ಹಿಡಿಕೆ ಪೂರ್ತಿ ತಿರುವಿದರೂ ಒಂದು ಬಿಕ್ಕೂ ಇಲ್ಲ! ಎಂದೂ ದನಿ ಎತ್ತದ ಅಬ್ಬಾ ದೋಣಿಯಿಂದಲೇ ಕೂಗಿದರು: “ರುಕ್ಮವ್ವಾ, ತಗೊಂಡ ಬಾ ನಿನ್ನ ಬದನಿಕಾಯಿ!”

ಇಂದು ಮುಂಜಾನೆ, ಬದನೆಕಾಯಿ ಮತ್ತೆ ಚೆಲ್ಲದಂತೆ, ಆ ಟ್ಯೂಬಿನ ತುಂಡನ್ನು ರುಕ್ಮವ್ವನ ಬುಟ್ಟಿಯ ಬಾಯಿಗೆ ಬಿಗಿದು ಕೊಟ್ಟೆ.

ನಿನ್ನ ತಂಗಿ,
ತರನ್ನುಮ

ತಾ.ಕ.: ನಿನ್ನೆ ಆಚೆ ದಂಡೆಯಿಂದ ಬರುವಾಗ ಅಬ್ಬಾ ಜನರ ಜೊತೆ ಮುಂದೆ ಕೂತಿದ್ದರು. ಹಿಡಿಕೆ ನನ್ನ ಕೈಯಲ್ಲಿತ್ತು. ಅಮ್ಮಿಗೆ ಇನ್ನೂ ಗೊತ್ತಿಲ್ಲ. ಯುನೂಸಭಾಯಿಗೆ ಓದಿ ಹೇಳುವಾಗ ಈ ಸಾಲು ಬಿಡು.

ಬೇಡ, ಬಿಡಬೇಡ. ಇದನ್ನೇ ಮೊದಲು ಓದು.