ನೂರಕ್ಕೆ ನೂರರ ಶಾಲೆ

ಮನೆಯಿಂದ,
ಭಾನುವಾರ, ನವೆಂಬರ್ ೧೭

ನಮ್ಮ ಯಜಮಾನರಿಗೆ, ಪ್ರೀತಿಯಿಂದಲೇ,

ಸೊಂಟ ನೋವು ಹೇಗಿದೆ? ಇಡೀ ದಿನ ಆ ಕ್ರೇನಿನ ಗೂಡಿನಲ್ಲಿ ಕೂರುವವರು ನಡುನಡುವೆ ಎದ್ದು ಓಡಾಡಬೇಕು ಅಂತ ಡಾಕ್ಟರು ಹೇಳಿದ್ದು ನೆನಪಿದೆ ತಾನೆ? ನಾನು ಚೆನ್ನಾಗಿದ್ದೇನೆ. ಹಾಗೆ ಬರೆಯಬೇಕಲ್ಲ, ಬರೆದಿದ್ದೇನೆ. ಫೋನಿನಲ್ಲಿ ಮಗಳ ಶಾಲೆಯ ವಿಷಯ ಎತ್ತಿದರೆ ನಿಮಗೆ ತಕ್ಷಣ ಸಿಗ್ನಲ್ ಹೋಗುತ್ತದೆ, ಅದಕ್ಕೇ ಈ ಕಾಗದ.

ಮಗಳನ್ನು ಹೈಸ್ಕೂಲಿಗೆ ಸೇರಿಸುವಾಗ ನಿಮ್ಮ ಅಣ್ಣ ಊರಿನ ಎರಡೂ ಸರ್ಕಾರಿ ಶಾಲೆಗಳ ಫಲಿತಾಂಶ ತಂದು, ನಮ್ಮ ಊಟದ ಮೇಜಿನ ಮೇಲೆ ಹರಡಿ ತೀರ್ಪು ಕೊಟ್ಟರಲ್ಲ. ಗುಡ್ಡದ ಮೇಲಿನ ಶಾಲೆ ಹತ್ತನೇ ತರಗತಿಯಲ್ಲಿ ನೂರಕ್ಕೆ ನೂರು, ಬಸ್ ಡಿಪೋ ಪಕ್ಕದ ನಮ್ಮ ಶಾಲೆ ಅರವತ್ತು ಚಿಲ್ಲರೆ. ಆ ಅರವತ್ತು ಚಿಲ್ಲರೆಗೆ ಗಣಿತ ಕಲಿಸುವ ನಿಮ್ಮ ಹೆಂಡತಿ ಅಲ್ಲೇ ತಟ್ಟೆ ಎತ್ತುತ್ತಿದ್ದಳು. ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ನಾನೇ ಬಾಯಿಬಿಟ್ಟೆ: ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಅವರು ಒಂಬತ್ತರಲ್ಲೇ ಸಾಗಹಾಕುತ್ತಾರೆ, ಅವರೆಲ್ಲ ಬಂದು ಸೇರುವುದು ನಮ್ಮ ಬೆಂಚಿಗೆ, ಫೇಲಾದರೆ ನಮ್ಮ ಲೆಕ್ಕಕ್ಕೆ. ನೀವು ನಕ್ಕಿರಿ. "ಹೊಟ್ಟೆಕಿಚ್ಚು ಕಣೇ ನಿಂಗೆ. ನಿನ್ನ ಸ್ಕೂಲು ಬೇರೆಯವರ ಮಕ್ಕಳಿಗೆ ಸರಿ ಬಿಡು" ಅಂದಿರಿ. ಆ ನಗು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಕಳೆದ ತಿಂಗಳು ಮೇಲಿನ ಶಾಲೆಯ ಹೆಡ್‌ಮಿಸ್ ಕರೆಸಿದರು. ಒಂಬತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗಳಿಗೆ ಗಣಿತ, ವಿಜ್ಞಾನ ಎರಡೂ ಹೋಗಿದ್ದವು. ಟೀ ತರಿಸಿದರು, ನಿಮ್ಮ ಯೋಗಕ್ಷೇಮ ಕೇಳಿದರು, ಆಮೇಲೆ ಬೆಣ್ಣೆಯಂಥ ದನಿಯಲ್ಲಿ, "ಇಂಥ ಮಕ್ಕಳನ್ನ ನಿಮ್ಮಲ್ಲಿ ಚೆನ್ನಾಗಿ ನೋಡ್ಕೋತೀರಲ್ವಾ ಟೀಚರ್, ಟಿಸಿ ಇವತ್ತೇ ಕೊಟ್ಬಿಡ್ತೀವಿ" ಅಂದರು. ಆ ಬಾಗಿಲಿನಿಂದ ಅಳುತ್ತಾ ಬಂದ ಎಷ್ಟೋ ತಾಯಂದಿರಿಗೆ ನಾನು ಸಮಾಧಾನ ಹೇಳಿದ್ದೇನೆ, ನನಗೆ ಹೇಳುವವರು ಯಾರೂ ಇರಲಿಲ್ಲ. ಜಗಳ ತೆಗೆಯಬಹುದಿತ್ತು. ಆದರೆ ಮಗಳು ಹೊರಗೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಟಿಸಿ ಈಸಿಕೊಂಡು ಅವಳನ್ನು ಕರೆದುಕೊಂಡು ಬಂದೆ. ಮೂರು ವಾರದಿಂದ ಅವಳು ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಸಂಜೆ ಮನೆಗೆ ಬರುವಾಗ ನನ್ನ ಜೊತೆ ಹೆಜ್ಜೆ ಹಾಕುವುದಿಲ್ಲ, ಪರಿಚಯವೇ ಇಲ್ಲದವಳಂತೆ ಹಿಂದೆ ಉಳಿಯುತ್ತಾಳೆ. ನಿಮ್ಮ ಅಣ್ಣ ಮೊನ್ನೆ ಸಿಕ್ಕಾಗ "ಹುಡುಗಿ ಇನ್ನೂ ಸ್ವಲ್ಪ ಓದ್ಬೇಕಿತ್ತಮ್ಮ. ಅವನಿಗೆ ನೀನೇ ಹೇಳು" ಅಂದು ಕೈತೊಳೆದುಕೊಂಡರು.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ. ನಿಮ್ಮ ಕೋಣೆಯಲ್ಲಿರುವವರಿಗೂ ನಮಸ್ಕಾರ ತಿಳಿಸಿ.

ಇತಿ,
ನಿಮ್ಮ ಮನೆಯವಳು

ವಿ.ಸೂ.: ಕಳೆದ ಭಾನುವಾರ ಮಗಳು ಫೋನಿನಲ್ಲಿ, ಮೇಲಿನ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನ ಬಂತು ಅಂತ ಅಷ್ಟು ಹೊತ್ತು ಹೇಳಿದಳಲ್ಲ, ನೀವೂ "ಭೇಷ್ ಮಗಳೇ, ನಾನು ಹೇಳಿರ್ಲಿಲ್ವಾ" ಅಂದಿರಲ್ಲ, ಅದೆಲ್ಲ ಸುಳ್ಳು. ಫೋನಿಟ್ಟು ಬಚ್ಚಲಿಗೆ ಹೋಗಿ, ನಲ್ಲಿ ತಿರುಗಿಸಿಕೊಂಡು ಅತ್ತಳು. ಈ ಕಾಗದ ಸಿಕ್ಕ ಮೇಲೆ ಫೋನ್ ಮಾಡಿದಾಗ, ಎಲ್ಲ ಗೊತ್ತಿದೆ ಅಂತ ನೀವೇ ಮೊದಲು ಹೇಳಿಬಿಡಿ. ಅವಳ ಬಾಯಲ್ಲಿ ಇನ್ನೊಂದು ಬಹುಮಾನ ಹೇಳಿಸಬೇಡಿ.