ಭಟ್ಟಿ ಮರಳಿನ ಸೇವಂತಿಗೆ

ಎಂ.ಸಿ.ಸಿ. ‘ಬಿ’ ಬ್ಲಾಕ್, ದಾವಣಗೆರೆ
೧೫ ನವೆಂಬರ್ ೧೯೯೮

ಪ್ರೀತಿಯ ಸುನೀತಾ,

ನಿನ್ನ ಕಾಗದ ಬಂದಾಗ ದಸರಾ; ನಾನು ಉತ್ತರ ಬರೆಯುವ ಹೊತ್ತಿಗೆ ದೀಪಾವಳಿಯ ಕರ್ಜಿಕಾಯಿಯೂ ಖಾಲಿ. ಬೈಯುವುದಿದ್ದರೆ ಹರಿಹರದಲ್ಲೇ ಬೈದು ಮುಗಿಸು, ಇಲ್ಲಿಗೆ ಬರುವಾಗ ನಗುತ್ತಾ ಬಾ. ಮನೆಯಲ್ಲಿ ಎಲ್ಲರೂ ಆರಾಮವೆಂದು ನಂಬಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ಹುಬ್ಬಳ್ಳಿ ಆಸ್ಪತ್ರೆಯ ಕೊನೆಯ ಇಂಜೆಕ್ಷನ್ ಮುಗಿಯಿತು. ಎದೆಯ ಗಂಟಿನ ಗುರುತೂ ಉಳಿದಿಲ್ಲ, ಇನ್ನು ಯುಗಾದಿ ಕಳೆದು ಬನ್ನಿ ಎಂದರು ಡಾಕ್ಟರು. ತಲೆ ಮಾತ್ರ ಇನ್ನೂ ಜುಟ್ಟು ಕಿತ್ತ ತೆಂಗಿನಕಾಯಿ. ಹೈಸ್ಕೂಲಿನಲ್ಲಿ ನನ್ನ ಜಡೆ ಹಿಡಿದು ಬಸ್ಸು ಹತ್ತುತ್ತಿದ್ದವಳು ನೀನು. ಈಗ ಹಿಡಿಯಲು ಏನೂ ಸಿಗುವುದಿಲ್ಲ, ಹುಷಾರು.

ನಮ್ಮ ಮನೆಯವರು ಕೊಟ್ಟೂರೇಶ್ ನಿನಗೆ ಗೊತ್ತಲ್ಲ, ಮದುವೆಯಾದಾಗಿನಿಂದ ಬಟ್ಟೆ ಅಂಗಡಿ ಮುಚ್ಚಿ ಬರುವಾಗ ಒಂದು ಮೊಳ ಹೂವು ತರದೆ ಗೇಟು ದಾಟಿದವರಲ್ಲ. ಕೂದಲು ಹೋದ ಮೇಲೂ ತಂದರು. ಮುಡಿಯುವುದೆಲ್ಲಿಗೆ? ಎಲೆಯ ಪೊಟ್ಟಣ ಕಂಡರೆ ಅಳು ಬರುತ್ತಿತ್ತು. ಆಗ ನೀನು ಬರೆದೆ: ‘ಕೂದಲು ಬರೋ ತನಕ ಹೂವಿಗೂ ಕಾಯಾಕ ಹೇಳು, ಮರಳಾಗ ಒಣಗಿಸಿಡು.’ ಆ ಒಂದು ಸಾಲಿಗೆ ಎಷ್ಟು ಸಲ ಕೈಮುಗಿದರೂ ಸಾಲದು ಕಣೇ. ಮೊದಲ ಜಡೆಗೆ ಈ ವರ್ಷದ ಹೂವನ್ನೇ ಮುಡಿಯಬೇಕೆಂಬ ಹಟ ಅಂದೇ ಹಿಡಿಯಿತು.

ನೀನು ಕಳಿಸಿದ ಹೊಳೆ ಮರಳು ನಿನ್ನ ಹಾಗೆಯೇ. ಮೇಲೆ ಬಿಸಿಲು, ಒಳಗೆಲ್ಲ ತೇವ. ಮಲ್ಲಿಗೆ ಚಹದ ಬಣ್ಣಕ್ಕೆ ತಿರುಗಿತು, ಕನಕಾಂಬರ ಮುದುರಿತು. ಅತ್ತೆ ಬಸವಣ್ಣೆಮ್ಮ ಇಣುಕಿ ನೋಡಿ, “ಒಣ ಮರಳು ಬೇಕಂದ್ರ ಮಂಡಕ್ಕಿ ಭಟ್ಟಿಗೆ ಹೋಗ್ಬೇಕವ್ವ” ಎಂದರು. ಭಟ್ಟಿಯ ಹಯಾತ್ ಸಾಬ್ ಒಂದು ಡಬ್ಬ ಮರಳು ತುಂಬಿಕೊಟ್ಟು, “ಮಂಡಕ್ಕಿ ಹುರಿಯಾದು ಗೊತ್ತೈತೆ, ಹೂವು ಹುರಿಯಾದು ಇದೇ ಮೊದ್ಲು ನೋಡ್ರಮ್ಮ” ಎಂದು ನಕ್ಕರು. ಅವಸರದವಳು ನಾನು, ಬಿಸಿ ಆರುವ ಮೊದಲೇ ಸೇವಂತಿಗೆಯ ಮೇಲೆ ಸುರಿದೆ. ಮನೆಯೆಲ್ಲ ಘಮಘಮ. “ಈರುಳ್ಳಿ ಹಾಕಿ ಕಲಸ್ಲೇನು?” ಎಂದರು ಅತ್ತೆ.

ಮರುಸಲ ಮರಳು ಪೂರ್ತಿ ಆರಿಸಿದೆ. ಹೂವನ್ನು ಮುಖ ಮೇಲಾಗಿ ಕೂರಿಸಿ, ಎಸಳು ಎಸಳಿನ ನಡುವೆ ಚಮಚದಿಂದ ಉದುರಿಸಿ, ಮುಚ್ಚಿ, ಒಂದು ವಾರ ಮುಟ್ಟದೆ ಬಿಟ್ಟೆ. ತೆಗೆದಾಗ ಹಳದಿ ಹಳದಿಯಾಗಿಯೇ ಇತ್ತು! ಅಡುಗೆಮನೆಯಲ್ಲೇ ಕುಣಿದೆ. ಹೀಗೆ ಸೀರೆಯ ಡಬ್ಬಿಯೊಂದು ತುಂಬಿತು.

ಹದಿನೈದು ದಿನದ ಹಿಂದೆ ಮುಚ್ಚಳ ತೆಗೆದರೆ ಒಳಗೆ ಕೊಳೆತ ಸೊಪ್ಪು.

“ಹೂವು ಒಣಗಿ ಹಪ್ಪಳ ಆಗಿದ್ವು, ಒಂದೀಟು ನೀರು ಚಿಮುಕ್ಸಿ ಒದ್ದೆ ಬಟ್ಟೇಲಿ ಸುತ್ತಿಟ್ಟೀನಿ,” ಎಂದರು ಅತ್ತೆ, ಉಪಕಾರ ಮಾಡಿದ ಮುಖದಲ್ಲಿ.

ಓಣಿಗೆ ಕೇಳುವಂತೆ ಕಿರುಚಿದೆ. ಅವರು ಡಬ್ಬಿ ಹಿಡಿದು ನಿಂತೇ ಇದ್ದರು. “ನೀ ಮುಡಿಯೋ ಹೂವು ಬಾಡಿದ್ದು ನೋಡಾಕ ನನ್ ಕೈಲಾಗ್ಲಿಲ್ಲವ್ವ,” ಎಂದರು. ನನ್ನ ಸಿಟ್ಟೆಲ್ಲ ಅಲ್ಲಿಗೇ ನೀರಾಯಿತು. ಮರುದಿನ ಅವರೇ ಆಟೋ ಹತ್ತಿ ಭಟ್ಟಿಗೆ ಹೋಗಿ ಎರಡು ಡಬ್ಬ ಮರಳು ತಂದರು. ಈಗ ಮಧ್ಯಾಹ್ನ ಇಬ್ಬರೂ ಚಾಪೆ ಹಾಸಿ ಕೂರುತ್ತೇವೆ. ಕೂಸಿಗೆ ಔಷಧಿ ಹಾಕುವ ಹಾಗೆ ಅವರು ಚಮಚ ಹಿಡಿಯುತ್ತಾರೆ. ತಾಯಿ ಇಲ್ಲದ ನನಗೆ ಇದಕ್ಕಿಂತ ಇನ್ನೇನು ಬೇಕು ಹೇಳು. ಹೊಸ ಡಬ್ಬಿ ಆಗಲೇ ಅರ್ಧ ತುಂಬಿದೆ.

ಉಕ್ಕಡಗಾತ್ರಿ ಅಜ್ಜಯ್ಯ ನಿನ್ನ ಮನೆ ಮಕ್ಕಳನ್ನು ತಣ್ಣಗಿಟ್ಟಿರಲಿ. ನಿನ್ನ ಜಡೆ ಮೊಳಕಾಲು ಮುಟ್ಟಲಿ.

ನಿನ್ನವಳೇ ಆದ
ವಾಣಿಶ್ರೀ

ತಾ.ಕ.: ಮೇಲೆ ಬರೆಯಲಾಗದೆ ಇಲ್ಲಿಗೆ ಉಳಿಸಿಕೊಂಡೆ. ಮುಂಚೆ ಇವರು ಹೂವು ಕೈಗಿತ್ತು “ಮುಡ್ಕ” ಎನ್ನುತ್ತಿದ್ದರು. ಮುಡಿದ ಮೇಲೆ ಒಮ್ಮೆ ನೋಡಿಯೇ ಕಾಲು ತೊಳೆಯಲು ಹೋಗುತ್ತಿದ್ದರು. ಈಗ ಪೊಟ್ಟಣವನ್ನು ಫ್ರಿಜ್ಜಿನ ಮೇಲಿಟ್ಟು ನೆಲ ನೋಡುತ್ತಾ ಹೋಗುತ್ತಾರೆ. ನನಗೆ ನೋವಾಗದಿರಲಿ ಎಂದೇ ಇರಬಹುದು. ಆದರೆ ನೋವಾಗುತ್ತದೆ, ಸುನೀತಾ. ನಿನ್ನೆ ತಲೆಯ ಸೆರಗು ಜಾರಿಸಿ, ಬೋಳು ತಲೆಯಲ್ಲೇ ಎದುರಿಗೆ ನಿಂತು, “ಒಮ್ಮೆ ಮುಡ್ಕ ಅನ್ರಿ” ಎಂದೆ. “ನಾಳೆ ಅಂತೀನಿ,” ಎಂದು ಗೇಟಿನ ಬೀಗ ನೋಡಲು ಹೋದರು. ಇವತ್ತು ಹೂವು ಎರಡು ಮೊಳ ಬಂದಿದೆ. ಮಾತು ಬಂದಿಲ್ಲ.