ತೊರಕೆಯ ಮೇಲಿನ ನಿಂಬೆ

ಸೆತೂಬಲ್,
ಅಕ್ಟೋಬರ್ 18, ಶುಕ್ರವಾರ

ತಂಗಿ ಒತೀಲಿಯಳಿಗೆ,

ಬರೆಯುತ್ತಿರುವವಳು ನಿನ್ನ ಅಕ್ಕ, ಅರ್ಲಿಂದ. ಅಕ್ಷರ ನೋಡಿದ ಕೂಡಲೇ ಗೊತ್ತಾಗಿರುತ್ತದೆ. ಆದರೂ ಹೆಸರು ಹೇಳಿಬಿಡುವುದು ಒಳ್ಳೆಯದು, ಬೇಡವೆನಿಸಿದರೆ ಇಲ್ಲಿಗೇ ಮಡಚಿ ಇಡಬಹುದು. ನಾನು ಚೆನ್ನಾಗಿದ್ದೇನೆ. ಮಂಡಿ ನೋಯುತ್ತದೆ. ಅದು ಅಮ್ಮ ಬಿಟ್ಟುಹೋದ ಆಸ್ತಿ, ನಿನಗೂ ಪಾಲು ಬಂದಿರಬೇಕು. ಒಂಬತ್ತು ವರ್ಷ ಮಾತು ಬಿಟ್ಟವರು ಯೋಗಕ್ಷೇಮ ವಿಚಾರಿಸಿಕೊಳ್ಳುವುದು ನಾಟಕವಾಗುತ್ತದೆ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಿನ್ನ ಮಗಳು ತೆಲ್ಮ ನಿನ್ನೆ ಇಲ್ಲಿಗೆ ಬಂದಿದ್ದಳು. ನಿನಗೆ ಹೇಳಬೇಡಿ ಎಂದು ಎರಡು ಸಲ ಹೇಳಿ ಹೋದಳು. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮನ ಮೀನಿನ ಕಟ್ಟೆ ಬಿಟ್ಟುಕೊಟ್ಟ ಮೇಲೆ ನಾನು ಏನು ಮಾಡಿಕೊಂಡಿದ್ದೇನೆಂದು ನಿನಗೆ ಪೆನೀಶ್‌ನಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ವಾರಕ್ಕೆ ಮೂರು ದಿನ ಲಿಸ್ಬನ್ನಿನಿಂದ ಎಂಟು ಹತ್ತು ಜನ ಬೆಳಗಿನ ಬಸ್ಸಿಗೆ ಬರುತ್ತಾರೆ. ಅವರನ್ನು ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಮೀನು ಆರಿಸುವುದು ಕಲಿಸಿ, ಹಿತ್ತಿಲ ಅಡುಗೆಮನೆಯಲ್ಲಿ ಅವರ ಕೈಯಿಂದಲೇ ಅಡುಗೆ ಮಾಡಿಸಿ, ಉಣ್ಣಿಸಿ, ಸಂಜೆ ಬಸ್ಸು ಹತ್ತಿಸುತ್ತೇನೆ. ಅಮ್ಮ ನಮಗೆ ಬೈದು ಕಲಿಸಿದ್ದನ್ನು ನಾನು ಹೊರಗಿನವರಿಗೆ ನಗುತ್ತಾ ಕಲಿಸುತ್ತೇನೆ, ವ್ಯತ್ಯಾಸ ಅಷ್ಟೇ. ಜನ ಹೊಗಳುತ್ತಾರೆ. ನನಗೆ ಬೇರೆ ಕೆಲಸ ಬರುವುದೂ ಇಲ್ಲ.

ಈಗ ಈ ಊರಿನಲ್ಲಿ ನಿನ್ನೆಯವರೆಗೆ ಯಾರಿಗೂ ಗೊತ್ತಿಲ್ಲದ ಒಂದು ಮಾತು. ಫೆಬ್ರವರಿಯಲ್ಲಿ ಜ್ವರ ಬಂದು ಹೋಯಿತು. ಹೋಗುವಾಗ ನನ್ನ ಮೂಗನ್ನೂ ತೆಗೆದುಕೊಂಡು ಹೋಯಿತು. ಬೆಳ್ಳುಳ್ಳಿ ಹುರಿದರೂ ಇಲ್ಲ, ಕಾಫಿ ಕುದಿಸಿದರೂ ಇಲ್ಲ. ಬ್ಲೀಚಿನ ಬಾಟಲಿಗೆ ಮೂಗು ಇಟ್ಟೆ, ಕಣ್ಣು ಉರಿಯಿತು, ಮೂಗಿಗೆ ಸುದ್ದಿಯೇ ಮುಟ್ಟಲಿಲ್ಲ. ವೈದ್ಯರು ಕಾಯಿರಿ ಎಂದರು. ಎಂಟು ತಿಂಗಳಾಯಿತು.

ಮೀನು ಕಲಿಸುವವಳಿಗೆ ವಾಸನೆ ಬರುವುದಿಲ್ಲ ಎಂದು ಗೊತ್ತಾದರೆ ಯಾರು ಬಸ್ಸು ಹತ್ತಿ ಬರುತ್ತಾರೆ? ಬಾಯಿ ಮುಚ್ಚಿಕೊಂಡು ನಡೆಸಿದೆ. ಬೂತಾಯಿ ಮೀನಿನ ಕಣ್ಣು ನೋಡಿದರೆ ತಿಳಿಯುತ್ತದೆ. ಹಾವುಮೀನಿನ ಕಿವಿರು ಎತ್ತಿದರೆ ತಿಳಿಯುತ್ತದೆ. ಚಿಪ್ಪುಗಳನ್ನು ಒಂದಕ್ಕೊಂದು ಕುಟ್ಟಿದರೆ ಬದುಕಿದೆಯೋ ಸತ್ತಿದೆಯೋ ಆ ಸದ್ದೇ ಹೇಳುತ್ತದೆ. ಉಳಿದದ್ದಕ್ಕೆ ನಮ್ಮ ಕಸಿಲ್ದ ಇದ್ದಳು, ಅಮ್ಮನ ಕಟ್ಟೆಯ ಎದುರಿನ ಕಟ್ಟೆಯವಳು. ಅವಳ ಮುಂದೆ ನಿಂತು, "ನಿನ್ನ ಕೈಗುಣ ಚೆನ್ನಾಗಿದೆ ಕಣೇ, ನೀನೇ ಆರಿಸಿಕೊಡು" ಅನ್ನುತ್ತಿದ್ದೆ. ಅವಳು ಉಬ್ಬಿ ಹೋಗಿ ಒಳ್ಳೆಯದನ್ನೇ ಕೊಡುತ್ತಿದ್ದಳು. ಆಮೇಲೆ ನಾನು ಮೀನನ್ನು ಮೂಗಿನ ಹತ್ತಿರ ಎತ್ತಿ, ಕಣ್ಣು ಮುಚ್ಚಿ, "ಸಮುದ್ರ!" ಎಂದು ನಿಟ್ಟುಸಿರು ಬಿಡುತ್ತಿದ್ದೆ. ಬಂದವರೆಲ್ಲ ಫೋಟೋ ತೆಗೆದುಕೊಳ್ಳುತ್ತಿದ್ದರು. ನಾಚಿಕೆಯಾಗುತ್ತಿತ್ತೇ ಎಂದು ಕೇಳಿದರೆ, ಮೊದಲ ವಾರ ಆಯಿತು. ಆಮೇಲೆ ಅಭ್ಯಾಸವಾಯಿತು.

ತೊರಕೆ ಒಂದೇ ಇಂಥ ನಾಟಕಕ್ಕೆ ಬಗ್ಗದ ಮೀನು. ನಿನಗೆ ಹೇಳಬೇಕಾಗಿಲ್ಲ. ಆ ಚಪ್ಪಟೆ ಮೀನಿನಲ್ಲಿ ಮಾರುವುದು ರೆಕ್ಕೆ ಮಾತ್ರ, ನೋಡಲು ಕಣ್ಣೂ ಇಲ್ಲ, ಕಿವಿರೂ ಇಲ್ಲ. ಹಳಸಿದರೂ ಬೆಳ್ಳಗೆ, ಗಟ್ಟಿಯಾಗಿ, ಮಿರಿಮಿರಿ ಮಿಂಚುತ್ತದೆ. ಮೂಗೊಂದೇ ಸಾಕ್ಷಿ.

ನಿನ್ನೆ ಗುರುವಾರ ಕಸಿಲ್ದ ಇರಲಿಲ್ಲ, ಮಗಳ ಹೆರಿಗೆಗೆ ಹೋಗಿದ್ದಳು. ನನಗೆ ತಿಳಿದದ್ದು ಒಂಬತ್ತು ಜನರನ್ನು ಹಿಂದೆ ಕಟ್ಟಿಕೊಂಡು ಅವಳ ಖಾಲಿ ಕಟ್ಟೆಯ ಮುಂದೆ ನಿಂತಾಗ. ಪಕ್ಕದಲ್ಲಿ ಹೊಸಬನೊಬ್ಬ, ದೊಡ್ಡ ಮೀಸೆಯವನು, "ಬನ್ನಿ ಅಕ್ಕಾ, ನನ್ ತೊರಕೆ ನೋಡಿ, ಇನ್ನೂ ಈಜ್ತಾ ಇದೆ!" ಎಂದು ಕೂಗಿದ. "ರೆಕ್ಕೆ ಕತ್ತರಿಸಿದ ಮೇಲೂ ಈಜತ್ತೇನೋ, ಭಲೇ ಮೀನು" ಎಂದೆ. ಎಲ್ಲರೂ ನಕ್ಕರು. ನಗಿಸಿದ ಮೇಲೆ ಕೊಳ್ಳದೆ ಹೋಗುವುದು ಹೇಗೆ? ಎತ್ತಿ, ಮೂಸಿ, "ಸಮುದ್ರ!" ಎಂದೆ. ನಮ್ಮ ಗುಂಪಿನ ಕೊನೆಯಲ್ಲಿ ಒಬ್ಬ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಪಟ್ಟಿಯಲ್ಲಿ ಅವಳ ಹೆಸರು ಬರೀ ಟಿ. ಎಂದಿತ್ತು, ಜೊತೆಗೆ ನಿನ್ನ ಗಂಡನ ಅಡ್ಡಹೆಸರು. ದೇಶದಲ್ಲಿ ಅರ್ಧ ಜನಕ್ಕೆ ಆ ಅಡ್ಡಹೆಸರಿದೆ, ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಹದಿನೈದು ವರ್ಷದ ತೆಲ್ಮಳನ್ನು ಮಾತ್ರ ನೋಡಿದ್ದವಳು ನಾನು.

ಮನೆಗೆ ಬಂದು ಎಲ್ಲರಿಗೂ ಏಪ್ರನ್ ಕಟ್ಟಿಸಿದೆ. ಅಡುಗೆ ಅಮ್ಮನ ಮೀನಿನ ಸಾರು, ಕಲ್ದೆಯ್ರಾದ; ಪಾತ್ರೆ ಅದೇ ತಾಮ್ರದ ಗಡಿಗೆ. ಈರುಳ್ಳಿ, ಟೊಮೆಟೊ, ಆಲೂಗಡ್ಡೆ, ಮೀನು, ಮತ್ತೆ ಈರುಳ್ಳಿ, ಹೀಗೆ ಪದರ ಪದರವಾಗಿ. ನೀರು ಹಾಕುವಂತಿಲ್ಲ, ಸೌಟು ಆಡಿಸುವಂತಿಲ್ಲ, ಕಿವಿ ಹಿಡಿದು ಗಡಿಗೆಯನ್ನೇ ಅಲ್ಲಾಡಿಸಬೇಕು. ಬ್ರೆಜಿಲ್‌ನಿಂದ ಬಂದ ದೋನ ನೆಯ್ದೆ ಎಂಬಾಕೆ ಈರುಳ್ಳಿ ಹೆಚ್ಚುತ್ತಾ, ತನ್ನ ಗಂಡನಿಗೆ, "ನೋಡ್ರೀ, ಸೌಟು ಹಾಕದೇನೇ ಅಡುಗೆ ಆಗತ್ತಂತೆ. ನೀವು ಸುಮ್ನಿದ್ರೆ ಸಂಸಾರಾನೂ ಆಗತ್ತೆ" ಅಂದಳು. ಗಂಡ ಕೇಳಿಸದವನಂತೆ ಬೆಳ್ಳುಳ್ಳಿ ಸುಲಿಯುತ್ತಿದ್ದ. ಪೋರ್ತು ನಗರದ ದಂಪತಿ ಬೂತಾಯಿ ಸ್ವಚ್ಛ ಮಾಡುತ್ತಿದ್ದರು. ಆ ಹುಡುಗಿ ಆಲೂಗಡ್ಡೆಗೆ ಕೂತಿದ್ದಳು, ತೊರಕೆ ಇಟ್ಟ ಹಲಗೆಯ ಪಕ್ಕ.

ನಾನು ಬೇ ಎಲೆ ಕೀಳಲು ಹಿತ್ತಿಲಿಗೆ ಹೋಗಿ ಬಂದೆ. ಬಂದು ನೋಡಿದರೆ ತೊರಕೆಯ ಮೇಲೆ ಅರ್ಧ ನಿಂಬೆಹಣ್ಣು. ಕತ್ತರಿಸಿದ ಮುಖ ಕೆಳಗೆ.

ಒತೀಲಿಯ, ಹೆದರಿಕೆಯಾಯಿತು, ಸಂತೋಷವೂ ಆಯಿತು, ಯಾವುದು ಮೊದಲು ಎಂದು ಹೇಳಲಾರೆ. ಈ ಭೂಮಿಯ ಮೇಲೆ ಮೀನಿನ ಮೇಲೆ ನಿಂಬೆಯನ್ನು ಹಾಗೆ ಬೋರಲು ಹಾಕುವ ಮನೆ ನಮ್ಮದೊಂದೇ. ಗಿರಾಕಿಯ ಎದುರಿಗೆ 'ನಾರುತ್ತಿದೆ' ಎಂಬ ಮಾತು ಬಾಯಿಂದ ಬಂದರೆ ಕಟ್ಟೆ ಮುಚ್ಚಿದಂತೆಯೇ ಎಂದು ಅಮ್ಮ ಕಂಡುಹಿಡಿದ ದಾರಿ. ಮೂವರಲ್ಲಿ ಯಾರಿಗೆ ಅನುಮಾನ ಬಂದರೂ ಸುಮ್ಮನೆ ನಿಂಬೆ ಇಡುವುದು. "ನಿಂಬೆ ಇಟ್ಮೇಲೆ ವಾದ ಇಲ್ಲ" ಅನ್ನುತ್ತಿದ್ದಳು. ನಲವತ್ತು ವರ್ಷದಲ್ಲಿ ಇಟ್ಟ ನಿಂಬೆಯನ್ನು ಯಾರೂ ತೆಗೆದಿರಲಿಲ್ಲ, ನಾನು ತೆಗೆಯುವವರೆಗೆ.

ಒಂಬತ್ತು ವರ್ಷದ ಹಿಂದಿನ ಆ ಶನಿವಾರದ ಕಥೆ ನಿನಗೆ ಗೊತ್ತು. ಬೇಕರಿಯವರ ಮನೆಯ ನಾಮಕರಣದ ಊಟಕ್ಕೆ ಹನ್ನೆರಡು ಕಿಲೋ ತೊರಕೆ ಬೇಕೆಂದಿದ್ದರು. ನೀನು ನಿಂಬೆ ಇಟ್ಟೆ. ನಾನು ಅದನ್ನು ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡು ತೂಗಲು ಹೋದೆ. ಆಗ ನೀನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, "ಈ ತೊರಕೆ ನಾರ್ತಾ ಇದೆ" ಎಂದೆ. ನಾನು, "ನಾರ್ತಿರೋದು ಮೀನಲ್ಲ, ನಿನ್ನ ಹೊಟ್ಟೆಕಿಚ್ಚು. ನಿನ್ ಮೂಗಿಗೆ ಏನಾಗಿದೆ?" ಎಂದೆ. ಇನ್ನೂ ಏನೇನೋ ಎಂದೆ. ಸಾಲು ಕರಗಿತು. ನೀನು ಏಪ್ರನ್ ಬಿಚ್ಚಿಟ್ಟು ಹೋದವಳು ತಿರುಗಿ ಬರಲಿಲ್ಲ. ತೊರಕೆ ಚೆನ್ನಾಗಿತ್ತು, ನನಗೇನೂ ವಾಸನೆ ಬಂದಿರಲಿಲ್ಲ ಎಂದೇ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ.

ನಿನ್ನೆಗೆ ಬರುತ್ತೇನೆ. ಹಲಗೆಯ ಮುಂದೆ ನಿಂತಿದ್ದೆ. ಹುಡುಗಿ ತಲೆ ಎತ್ತದೆ ಆಲೂಗಡ್ಡೆ ಹೆಚ್ಚುತ್ತಿದ್ದಳು, ಕಿವಿ ಕೆಂಪಾಗಿತ್ತು. ನಿನ್ನದೇ ಕಿವಿ. ದೋನ ನೆಯ್ದೆ, "ನಿಂಬೆ ಹಿಂಡ್ಬೇಕಾ ಅಕ್ಕಾ?" ಎಂದು ಕೇಳಿದಳು. ಹೌದು, ಈ ಮೀನನ್ನು ಬೇರೆ ಅಡುಗೆಗೆ ಎತ್ತಿಟ್ಟಿದ್ದೇನೆ ಎಂದರೆ ಮುಗಿದುಹೋಗುತ್ತಿತ್ತು. ಅಮ್ಮ ಹಾಗೇ ಮಾಡುತ್ತಿದ್ದಳು. ಅಥವಾ ನಿಂಬೆ ಜೇಬಿಗೆ ಹಾಕಿಕೊಳ್ಳಬಹುದಿತ್ತು, ಆ ಕೆಲಸ ಕೈಗೆ ಗೊತ್ತು. ಕೈ ಅದರತ್ತ ಹೋಯಿತು ಕೂಡ. ಇಲ್ಲವೆಂದರೆ ಸುಳ್ಳಾಗುತ್ತದೆ.

ಆದರೆ ನನ್ನ ಬಾಯಿಂದ ಬಂದದ್ದು ಬೇರೆ. "ಈ ತೊರಕೆ ನಾರ್ತಾ ಇದೆ. ನನಗೆ ವಾಸನೆ ಬರಲ್ಲ. ಫೆಬ್ರವರಿಯಿಂದ ಬರಲ್ಲ. ಮಾರ್ಕೆಟ್ಟಲ್ಲಿ ನಿಮ್ಮ ಮುಂದೆ ಮೂಸಿದ್ದು ಬರೀ ನಾಟಕ" ಎಂದೆ. ಹೇಳಿ ಮುಗಿಸಿದಾಗ ಚಾಕುಗಳೆಲ್ಲ ನಿಂತಿದ್ದವು.

ಪೋರ್ತುವಿನವರು ಏಪ್ರನ್ ಬಿಚ್ಚಿ, ಮಧ್ಯಾಹ್ನದ ಬಸ್ಸಿಗೇ ಹೊರಟರು. ಅವರದೇನೂ ತಪ್ಪಿಲ್ಲ. ದೋನ ನೆಯ್ದೆ ತೊರಕೆಯ ಹತ್ತಿರ ಬಗ್ಗಿ ಮೂಸಿ, ಹಿಂದಕ್ಕೆ ಹಾರಿ, "ಅಯ್ಯಯ್ಯೋ! ನಮ್ಮ ಯಜಮಾನರ ಬೂಟೇ ಎಷ್ಟೋ ವಾಸಿ" ಎಂದಳು. ಆಗ ಅವಳ ಗಂಡ ಆ ದಿನದ ಮೊದಲ ಮಾತಾಡಿದ. "ಇವಳ ಮೂಗು ಬಾಡಿಗೆಗೆ ಇಟ್ಕೊಳಿ ಅಮ್ಮಾ. ನಾಲಿಗೇನೂ ಜೊತೆಗೆ ಬರತ್ತೆ, ಯೋಚನೆ ಮಾಡಿ" ಎಂದ. ನಗು ಬಂದ ಮೇಲೆ ಕೆಲಸ ಮುಂದುವರಿಯಿತು. ತೊರಕೆಯಿಲ್ಲದೆ ಹಾವುಮೀನು, ಬೂತಾಯಿ ಹಾಕಿ ಗಡಿಗೆ ತುಂಬಿದೆವು. ಪ್ರತಿಯೊಂದು ಮೀನನ್ನೂ ತೆಲ್ಮ ಮೂಸಿ ನನ್ನ ಕೈಗೆ ಕೊಟ್ಟಳು. ಅವಳ ಹೆಸರನ್ನು ನಾನು ಆಗಲೂ ಬಾಯಿಬಿಟ್ಟು ಹೇಳಲಿಲ್ಲ.

ಎಲ್ಲರೂ ಹೊರಗೆ ಬ್ರೆಡ್ಡು, ವೈನು ಇಟ್ಟುಕೊಂಡು ಕೂತಾಗ ಗಡಿಗೆಯ ಹತ್ತಿರ ನಾವಿಬ್ಬರೇ ಉಳಿದೆವು. ಅವಳೇ ಮಾತು ತೆಗೆದಳು. "ದೊಡ್ಡಮ್ಮಾ, ಅಮ್ಮ ಇವತ್ತಿಗೂ ಮೀನು ತಂದ್ರೆ ಪಕ್ಕದ ಮನೆಯವರ ಹತ್ರ ಮೂಸಿಸಿ ಬರ್ತಾಳೆ. ತನ್ನ ಮೂಗಿನ ಮೇಲೆ ಅವಳಿಗೆ ನಂಬಿಕೆನೇ ಇಲ್ಲ. ಅಕ್ಕ ಅಷ್ಟು ಖಡಾಖಂಡಿತ ಹೇಳಿದ್ಲಲ್ಲ, ನಾನೇ ತಪ್ಪಿದ್ನೇನೋ, ನಮ್ಮ ಕಟ್ಟೆ ನನ್ನಿಂದ್ಲೇ ಹಾಳಾಯ್ತೇನೋ ಅಂತಾಳೆ" ಎಂದಳು. ನಾನು ಬೆಂಕಿ ಸಣ್ಣ ಮಾಡಿದೆ. ಅವಳು ಬಿಡಲಿಲ್ಲ. "ಅದನ್ನ ಕೇಳೋಕೇ ಬಂದೆ. ಆವತ್ತು ನಿಮಗೆ ನಿಜವಾಗ್ಲೂ ವಾಸನೆ ಬಂದಿರ್ಲಿಲ್ವಾ?" ಎಂದು ಕೇಳಿದಳು.

ತಳ ಹಿಡಿಯುತ್ತದೆ, ಗಡಿಗೆ ಅಲ್ಲಾಡಿಸು ಎಂದೆ. ಅವಳು ಏಪ್ರನ್ನಿನ ಎರಡು ತುದಿಯಲ್ಲಿ ಗಡಿಗೆಯ ಕಿವಿ ಹಿಡಿದು ಮೂರು ಸಲ ಅಲ್ಲಾಡಿಸಿದಳು. ಕಲ್ದೆಯ್ರಾದ ಚೆನ್ನಾಗಿತ್ತಂತೆ. ನನಗೆ ಉಪ್ಪು, ಹುಳಿ ಮಾತ್ರ ತಿಳಿಯಿತು.

ಅವಳು ಸಂಜೆಯ ಬಸ್ಸಿಗೆ ಹೋದಳು. ಮುಂದಿನ ವಾರದ ಪಟ್ಟಿಯಲ್ಲಿ ಇಬ್ಬರು ಈಗಾಗಲೇ ಹೆಸರು ತೆಗೆಸಿದ್ದಾರೆ, ಪೋರ್ತುವಿನವರು ಇಂಟರ್ನೆಟ್ಟಿನಲ್ಲಿ ಎಲ್ಲೋ ಬರೆದಿರಬೇಕು. ಉಳಿದವರೂ ತೆಗೆಸಬಹುದು, ತೆಗೆಸದೆಯೂ ಇರಬಹುದು. ಬಂದರೆ ಅವರ ಮುಂದೆ ಮೂಸುವ ನಾಟಕ ಆಡುವುದಿಲ್ಲ. ನನಗೊಂದು ಮೂಗು ಬೇಕು. ಕಸಿಲ್ದಳನ್ನು ಕೇಳಬಹುದು, ತೆಲ್ಮಳನ್ನೂ ಕೇಳಬಹುದು. ನಾನು ನಿನ್ನನ್ನು ಕೇಳುತ್ತಿದ್ದೇನೆ. ಗುರುವಾರ ಬೆಳಿಗ್ಗೆ ಎಂಟಕ್ಕೆ ಮಾರುಕಟ್ಟೆಯ ಬಾಗಿಲಲ್ಲಿ ಇರುತ್ತೇನೆ. ಮೊದಲಿನ ಹಾಗೆ ಮಾತಾಡಬೇಕೆಂದೇನೂ ಇಲ್ಲ. ನೀನು ನಿಂಬೆ ಇಟ್ಟರೆ ಸಾಕು, ನಾನು ತೆಗೆಯುವುದಿಲ್ಲ.

ತೆಲ್ಮಳಿಗೆ ಬೈಯಬೇಡ.

ಇಂತಿ,
ನಿನ್ನ ಅಕ್ಕ
ಅರ್ಲಿಂದ

ಮರೆತಿದ್ದೆ: ಮರೆತಿದ್ದೆ ಎಂಬುದೂ ಸುಳ್ಳು. ತೆಲ್ಮ ಕೇಳಿದ್ದಕ್ಕೆ ಉತ್ತರ ಕೊಡದೆ ಕಳಿಸಿದೆ, ಏಕೆಂದರೆ ಅದು ಮೊದಲು ನಿನಗೆ ಸಿಗಬೇಕಾದದ್ದು. ಆ ಶನಿವಾರ ನೀನು ನಿಂಬೆ ಇಡುವುದಕ್ಕೆ ಒಂದು ಗಂಟೆ ಮೊದಲೇ, ಬುಟ್ಟಿಯ ಮುಚ್ಚಳ ತೆಗೆದಾಗಲೇ, ನನಗೆ ವಾಸನೆ ಬಡಿದಿತ್ತು. ಅಂದು ನಿನ್ನ ಮೂಗೂ ಸರಿಯಾಗಿತ್ತು, ನನ್ನದೂ ಸರಿಯಾಗಿತ್ತು. ಇನ್ನು ಮೇಲೆ ಮೀನನ್ನು ಪಕ್ಕದ ಮನೆಗೆ ಒಯ್ಯಬೇಡ.